ಪೆಟ್ಟಿಗೆಗೆ ಹೇಳಿದ ಮಾತು

"ಒಂದು ನಿಮಿಷ ಮಾತಾಡ್ಬೇಡಿ ಮೇಡಂ."

ಏಣಿಯ ಮೇಲಿಂದ ಅಪರಿಚಿತನೊಬ್ಬ ಹೀಗೆಂದಾಗ ದ್ರಾಕ್ಷಾಯಣಿಗೆ ನಗು ಬಂತು. ಮಾತಾಡಬೇಡಿ ಅಂತೆ! ಬೆಳಗ್ಗೆಯಿಂದ ಅವಳು ಯಾರ ಹತ್ತಿರವೂ ಒಂದು ಮಾತೂ ಆಡಿರಲಿಲ್ಲ.

ಅವಳು ನೋಡಿಕೊಳ್ಳುವ ಮಗ್ಗೆಯ ಗ್ರಂಥಾಲಯಕ್ಕೆ ಬರುವವರೇ ಇಬ್ಬರೋ ಮೂವರೋ. ಅವರೂ ಪೇಪರು ಓದಿ, ಮಡಚಿಟ್ಟು ಹೋಗುವವರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಪಕ್ಕದ ಬಾಡಿಗೆ ಕೋಣೆಯಲ್ಲಿ ಅವಳೊಬ್ಬಳೇ.

ಏಣಿ ಹತ್ತಿದ್ದವನು ಬೆಳಗೋಡಿನ ಮೃತ್ಯುಂಜಯ. ಆನೆಗಳ ಸದ್ದು ಹಿಡಿದು ಊರಿನವರಿಗೆ ಎಚ್ಚರಿಕೆ ಕೊಡುವ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ಅಂಗೈಯಷ್ಟು ಅಗಲದ ಕಂಪ್ಯೂಟರ್, ಅದಕ್ಕೊಂದು ಮೈಕು, ಒಂದು ಸಿಮ್ಮು... ಎಲ್ಲವನ್ನೂ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಹಿಂದಿನ ಕಿಟಕಿಗೆ ಸ್ಕ್ರೂ ಹಾಕಿ ಕೂರಿಸಿದ. ಕಿಟಕಿಯಾಚೆ ಕಾಫಿ ತೋಟ, ಅದರಾಚೆ ಆನೆ ಇಳಿಯುವ ದಾರಿ. ಮೈಕಿಗೆ ಕೇಳಿದ್ದೆಲ್ಲ ರೆಕಾರ್ಡ್ ಆಗಿ ಸಂಜೆ ಅವನ ಲ್ಯಾಪ್‌ಟಾಪಿಗೆ ಹೋಗುತ್ತದಂತೆ.

"ಈಗ ಏನಾದ್ರೂ ಮಾತಾಡಿ. ಮೈಕಿನ ವಾಲ್ಯೂಮ್ ಹೊಂದಿಸ್ಬೇಕು."

ಏನು ಮಾತಾಡುವುದು? ಕೊನೆಗೆ ಕಪಾಟಿನಲ್ಲಿದ್ದ ಪುಸ್ತಕಗಳ ನಂಬರನ್ನೇ ಓದತೊಡಗಿದಳು. ಅವನು ತಲೆಯಾಡಿಸುತ್ತ ಮೂವತ್ತೆರಡು ನಂಬರು ಕೇಳಿದ. ಅಷ್ಟು ಬೇಕಿತ್ತೋ ಇಲ್ಲವೋ, ಅವನಿಗೇ ಗೊತ್ತು.

ಆಮೇಲೆ ಪೆಟ್ಟಿಗೆ ನೋಡುವ ನೆಪದಲ್ಲಿ ವಾರ ವಾರವೂ ಬಂದ. ಬಂದವನು ಪೆಟ್ಟಿಗೆಯನ್ನು ಐದು ನಿಮಿಷ ನೋಡಿದರೆ ಅವಳೊಡನೆ ಒಂದು ಗಂಟೆ ಕೂರುತ್ತಿದ್ದ. ಬುಧವಾರ ಬಂತೆಂದರೆ ದ್ರಾಕ್ಷಾಯಣಿ ಕಾಫಿಗೆ ಒಂದು ಲೋಟ ನೀರು ಜಾಸ್ತಿ ಇಡುವುದು ರೂಢಿಯಾಯಿತು.

ನಾಲ್ಕು ತಿಂಗಳಾದ ಮೇಲೆ ಅಂಥದ್ದೇ ಒಂದು ಬುಧವಾರ, ಲೋಟ ಕೆಳಗಿಟ್ಟು ಹೇಳಿದ.

"ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ. ನಮ್ಮವ್ವಂಗೂ ಹೇಳಿದೀನಿ. ನೀವು ಒಪ್ಪಿದ್ರೆ ಭಾನುವಾರ ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಬರ್ತೀನಿ, ಬೆಳಗೋಡಿಗೆ ಹೋಗ್ಬರಣ. ನನ್ ಮುಖ ನೋಡ್ಕಂಡು ಹೇಳೋದು ಕಷ್ಟ ಆದ್ರೆ ಈ ಪೆಟ್ಟಿಗೆಗೆ ಹೇಳಿ. ನಾನು ಕೇಳಿಸ್ಕೋತೀನಿ."

ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡು ಅವಳು ಪೆಟ್ಟಿಗೆಯ ಮುಂದೆ ನಿಂತಳು. ಬೇಡಪ್ಪಾ ಬೇಡ ಎಂದು ಸ್ವಿಚ್ಚನ್ನೇ ಆರಿಸಿಬಿಟ್ಟಳು.

ಹಾಗಾದರೆ ಇನ್ನೆಷ್ಟು ವರ್ಷ ಹೀಗೆಯೇ...?

ಮತ್ತೆ ಸ್ವಿಚ್ ಹಾಕಿದಳು. ಹಸಿರು ದೀಪ ಹತ್ತುವವರೆಗೆ ಕಾದು, ಕಣ್ಣು ಮುಚ್ಚಿಕೊಂಡು, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿದಳು.

ಭಾನುವಾರ ನೀಲಿ ಸೀರೆಯುಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಳು. ಒಂದು ಬಸ್ಸು ಹೋಯಿತು. ಇನ್ನೊಂದೂ ಹೋಯಿತು. ಅವನು ಬರಲಿಲ್ಲ.

ಕೇಳಿಸಿಕೊಂಡೂ ಬರಲಿಲ್ಲವೆಂದರೆ ಫೋನ್ ಮಾಡಿ ಕೇಳುವುದಾದರೂ ಏನನ್ನು? ಬುಧವಾರವೂ ಅವನ ಸುಳಿವಿರಲಿಲ್ಲ. ಹೆಚ್ಚಿಗೆ ಇಟ್ಟ ಕಾಫಿ ಆರಿ ತಣ್ಣಗಾಯಿತು. ಒಬ್ಬಳೇ ಇರುವುದು ಅವಳಿಗೆ ಹೊಸದಲ್ಲ. ಆದರೆ ಮೊದಲು ಯಾರೂ ಇರಲಿಲ್ಲ. ಈಗ ಅವನು ಇರಲಿಲ್ಲ. ಈ ಒಂಟಿತನ ತಡೆಯಲಾರದಷ್ಟು ನೋಯುತ್ತಿತ್ತು.

ಹನ್ನೆರಡು ದಿನ ಕಳೆದ ಮೇಲೆ ಅವನು ಬಂದ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅವಳ ಮುಖ ನೋಡಲಿಲ್ಲ.

"ಪೆಟ್ಟಿಗೆ ಬಿಚ್ಕಂಡು ಹೋಗ್ತೀನಿ. ಬೇರೆ ಕಡೆಗೆ ಕೆಲಸ ಹಾಕಿಸ್ಕಂಡಿದೀನಿ. ನಂಗೇನೂ ಬೇಜಾರಿಲ್ಲ ಕಣ್ರೀ... ಆ ಶುಕ್ರವಾರ ನೀವು ಸ್ವಿಚ್ ಆಫ್ ಮಾಡಿದ್ದು ಗೊತ್ತಾಯ್ತು. ಆಮೇಲೆ ಒಂದು ಸದ್ದೂ ಬಂದಿಲ್ಲ. ಅದೇ ನಿಮ್ ಉತ್ತರ ಅಂತ ತಿಳ್ಕಂಡೆ."

ಅವಳು ಏಣಿಯನ್ನು ಗಟ್ಟಿಯಾಗಿ ಹಿಡಿದಳು.

"ಮತ್ತೆ ಹಾಕಿದ್ನಲ್ರೀ. ಹಾಕಿ ಆದ್ಮೇಲೇ ಮಾತಾಡಿದ್ದು."

ಏಣಿ ಹತ್ತುತ್ತಿದ್ದವನು ಹಾಗೇ ನಿಂತ. ಇಳಿದು ಬಂದು ಪೆಟ್ಟಿಗೆಯ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಮೈಕಿನ ವಾಲ್ಯೂಮ್ ಸೊನ್ನೆಯಲ್ಲಿತ್ತು.

ಮೊದಲ ದಿನ ಅವಳ ದನಿಗೆ ಕಿವಿಗೊಟ್ಟು ವಾಲ್ಯೂಮ್ ಹೊಂದಿಸಿದ ಮಹಾಶಯ, ಅದನ್ನು ಸೇವ್ ಮಾಡುವುದನ್ನೇ ಮರೆತಿದ್ದ! ಗ್ರಂಥಾಲಯಕ್ಕೆ ಯುಪಿಎಸ್ ಇದ್ದುದರಿಂದ ಕರೆಂಟು ಹೋದರೂ ಪೆಟ್ಟಿಗೆ ಒಮ್ಮೆಯೂ ಆರಿರಲಿಲ್ಲ, ತಪ್ಪು ಗೊತ್ತಾಗಲೂ ಇಲ್ಲ. ಅವಳು ಆರಿಸಿ ಹಾಕಿದ್ದೇ ತಡ, ವಾಲ್ಯೂಮ್ ಮೊದಲಿನಂತೆ ಸೊನ್ನೆಗೆ ಬಂದಿತ್ತು. ಅವಳ ಮಾತಿನಲ್ಲಿ ಒಂದಕ್ಷರವೂ ಅವನನ್ನು ತಲುಪಿರಲಿಲ್ಲ.

ಅವನಿಗೆ ತಲೆಯೆತ್ತಲು ಆಗಲಿಲ್ಲ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಅವನು ವಾಲ್ಯೂಮ್ ಏರಿಸಿದ. ಈ ಸಲ ಸೇವ್ ಮಾಡಿ, ಅವಳಿಗೂ ತೋರಿಸಿದ. ಆಮೇಲೆ ಸಣ್ಣ ದನಿಯಲ್ಲಿ, ಏನಾದರೂ ಮಾತಾಡಿ ಎಂದ.

ದ್ರಾಕ್ಷಾಯಣಿ ಮೈಕಿನ ಹತ್ತಿರ ಬಂದಳು. ಇವತ್ತು ಕಣ್ಣು ಮುಚ್ಚಲಿಲ್ಲ. ಅವನನ್ನೇ ನೋಡಿದಳು.

"ಒಬ್ಳೇ ಇದ್ದು ಇದ್ದು ಸಾಕಾಗೈತೆ, ನಿಮ್ ಜೊತೆ ಬರ್ತೀನಿ ಅಂದಿದ್ದೆ. ಎರಡು ಬಸ್ಸು ಹೋಗೋಗಂಟ ಕಾದೆ ಕಣ್ರೀ. ಈ ಭಾನುವಾರ ಮತ್ತೆ ಕಾಯ್ಸಬೇಡಿ..."

ಪರದೆಯ ಮೇಲೆ ಹಸಿರು ಗೆರೆ ಏರಿತು, ಇಳಿಯಿತು. ಅವನು ಕಣ್ಣೊರೆಸಿಕೊಂಡ.

"ಕಾಯ್ಸಲ್ಲ. ನೀವು ಬರೋಕೆ ಮುಂಚೆ ನಾನು ಬಂದು ನಿಂತಿರ್ತೀನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಪರದೆಯ ಕಡೆ ಕೈ ತೋರಿಸಿದಳು.

"ವಾಲ್ಯೂಮ್ ಸರಿಯಾಯ್ತಾ?"

"ಆಗ್ಲೇ ಸರಿಯಾಯ್ತು," ಎಂದ ಮೃತ್ಯುಂಜಯ. "ನೀವು ಮಾತಾಡ್ತಾ ಇರಿ."