ಚಿತ್ರದ ಚರ್ಚಿನಲ್ಲಿ ಅಜ್ಜಿಯ ‘ಯೆಸ್’

“ಅಪ್ಪಾ, ಇದು ಇಟಲಿ ಥರ ಇಲ್ವೇ ಇಲ್ಲ!”

ಸಾನ್ವಿ ಕಾರಿನಿಂದ ಇಳಿದು ಸುತ್ತ ನೋಡಿದಳು. ಒಂದು ಕಡೆ ಹುಲ್ಲುಗಾವಲು, ಅದರ ತುಂಬ ದನಗಳು. ಇನ್ನೊಂದು ಕಡೆ ಬಿಳಿ ಬಣ್ಣದ ಮರದ ಚರ್ಚು. ಅಂಗಡಿ ಇಲ್ಲ, ಒಂದು ನರಪಿಳ್ಳೆಯೂ ಇಲ್ಲ.

ಅವಳ ಕ್ಲಾಸಿನ ಮೇಗನ್ ಸ್ಪ್ರಿಂಗ್ ಬ್ರೇಕ್ ರಜೆಯಲ್ಲಿ ಇಟಲಿಗೆ ಹೋಗಿ ಬಂದಿದ್ದಳು. ಪುಟ್ಟ ಪುಟ್ಟ ಊರು, ಹಳೇ ಚರ್ಚು, ಛಾವಣಿ ತುಂಬ ಚಿತ್ರ. ಆ ಫೋಟೋಗಳನ್ನು ನೋಡಿದಾಗಿನಿಂದ ಸಾನ್ವಿ “ನಾವೂ ಹೋಗೋಣ” ಎಂದು ಅಪ್ಪನ ಬೆನ್ನು ಹತ್ತಿದ್ದಳು. ಅಪ್ಪ ಸಿದ್ಧಾರೂಢ ಇಂಟರ್‌ನೆಟ್‌ನಲ್ಲಿ ಹುಡುಕಿ, “ಅಂಥಾವು ನಮ್ಮ ಟೆಕ್ಸಾಸ್‌ನಾಗೂ ಅದಾವ” ಎಂದು ಮ್ಯಾಪ್ ಪ್ರಿಂಟ್ ಮಾಡಿಕೊಂಡಿದ್ದರು. ತಮ್ಮೂರು ಸ್ಟಾಫರ್ಡ್‌ನಿಂದ ಬೆಳಿಗ್ಗೆ ಹೊರಟು ಅವರು ನೋಡುತ್ತಿದ್ದ ಎರಡನೇ ಊರು ಇದು. ಮೊದಲನೇ ಊರಿನ ಚರ್ಚಿಗೆ ಬೀಗ ಹಾಕಿತ್ತು.

“ಒಳಗ ನೋಡು, ಆಮೇಲೆ ಮಾತಾಡು,” ಎಂದರು ಅಪ್ಪ.

ಒಳಗೆ ಕಾಲಿಟ್ಟ ಸಾನ್ವಿ ಕತ್ತು ಮೇಲೆತ್ತಿದಳು. ಛಾವಣಿ ಪೂರ್ತಿ ನೀಲಿ. ಅದರ ಮೇಲೆ ಬಂಗಾರದ ನಕ್ಷತ್ರ, ಬಳ್ಳಿ, ಹೂವು. ಅಮೃತಶಿಲೆಯ ಕಂಬವೊಂದನ್ನು ಬೆರಳಿನಿಂದ ತಟ್ಟಿದರೆ ಟಕ್ ಟಕ್ ಎಂದಿತು. ಅರೆ, ಮರ! ಶಿಲೆಯ ಹಾಗೆ ಬಣ್ಣ ಬಳಿದಿದ್ದರು.

“ಎಷ್ಟ ಚಂದ ಬರದಾರ!” ಅಜ್ಜಿ ಕಮಲವ್ವ ಬೆಂಚಿನ ಮೇಲೆ ಕೂತು ತಲೆಯೆತ್ತಿ ನೋಡುತ್ತಿದ್ದರು. ಅವರು ಗದಗದಿಂದ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ.

ಅಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ಎಲ್ಲರದೂ ಕಪ್ಪು ಬಟ್ಟೆ, ಕೈಯಲ್ಲಿ ಹೂಗುಚ್ಛ. ಒಬ್ಬರು ಅಪ್ಪನ ಹತ್ತಿರ ಬಂದು, “ಸಾರಿ, ಇವತ್ತು ಇಲ್ಲಿ ಫ್ಯೂನರಲ್ ಇದೆ. ಸ್ವಲ್ಪ ಕಾರ್ ಮೂವ್ ಮಾಡ್ತೀರಾ?” ಎಂದು ಇಂಗ್ಲಿಷ್‌ನಲ್ಲಿ ಕೇಳಿದರು.

“ಅಯ್ಯೋ! ಸಾನ್ವಿ, ಅಜ್ಜೀನ ಕರ್ಕೊಂಡು ಹೊರಗ ಬಾ,” ಎಂದು ಅಪ್ಪ ಓಡಿದರು.

ಆದರೆ ಅಜ್ಜಿ ಏಳುವಷ್ಟರಲ್ಲಿ, ಕೋಟು ಹಾಕಿದ್ದ ಒಬ್ಬ ಮುದುಕರು ಬಂದು ಪಕ್ಕದಲ್ಲೇ ಕೂತುಬಿಟ್ಟರು. ಅವರ ಕಣ್ಣು ಕೆಂಪಾಗಿತ್ತು.

“ನಾನು ಯಾನಾಕ್. ಡಾಕ್ಟರ್ ಸರೋಜಾ ಹೇಳಿದ್ರು, ಇಂಡಿಯಾದಿಂದ ಅವರ ಅಮ್ಮ ಬಂದಿದ್ದಾರೆ ಅಂತ. ನೀವೇ ಅಲ್ವಾ?” ಎಂದು ಇಂಗ್ಲಿಷ್‌ನಲ್ಲೇ ಕೇಳಿದರು.

“ಯೆಸ್, ಯೆಸ್,” ಎಂದರು ಅಜ್ಜಿ.

ಸಾನ್ವಿಗೆ ಗಾಬರಿಯಾಯಿತು. ಇಲ್ಲಿಗೆ ಬಂದಾಗಿನಿಂದ ಯಾರು ಏನೇ ಕೇಳಲಿ, ಅಜ್ಜಿ ಹೇಳುತ್ತಿದ್ದುದು ಅದೊಂದೇ ಮಾತು.

“ನನ್ನ ಹೆಂಡತಿ ಆಗ್ನೆಸ್‌ನ ನಿಮ್ಮ ಮಗಳು ಎಷ್ಟು ಚೆನ್ನಾಗಿ ನೋಡ್ಕೊಂಡ್ರು...” ಮುದುಕರು ಅಜ್ಜಿಯ ಕೈ ಹಿಡಿದುಕೊಂಡರು. ಬಿಕ್ಕಿ ಅಳತೊಡಗಿದರು. ಅಜ್ಜಿ ಇನ್ನೊಂದು ಕೈಯನ್ನೂ ಅವರ ಕೈ ಮೇಲಿಟ್ಟರು.

ಈಗ ಏನು ಮಾಡೋದು? ನಿಜ ಹೇಳಿದರೆ ಪಾಪ, ಇವರಿಗೆ ಇನ್ನೂ ಬೇಜಾರಾಗುತ್ತೆ. ಹೇಳದೇ ಇದ್ದರೆ ಸುಳ್ಳು. ಅದೂ ಚರ್ಚಿನಲ್ಲಿ! ಸಾನ್ವಿ ಬಾಗಿಲ ಕಡೆ ನೋಡಿದಳು. ಅಪ್ಪನ ಸುಳಿವೇ ಇಲ್ಲ.

“ಬನ್ನಿ ಎಲ್ಲರೂ! ಇವರು ಡಾಕ್ಟರ್ ಸರೋಜಾ ಅವರ ಅಮ್ಮ,” ಎಂದು ಮುದುಕರು ಕರೆದರು. ಇಬ್ಬರು ಹೆಂಗಸರು ಬಂದು ಅಜ್ಜಿಯನ್ನು ಅಪ್ಪಿಕೊಂಡರು. “ನೀವು ಮುಂದಿನ ಸಾಲಿಗೆ ಬನ್ನಿ. ಫ್ಯಾಮಿಲಿ ಜೊತೆ ಕೂತ್ಕೊಳ್ಳಿ,” ಎಂದರು. ಅಜ್ಜಿ “ಯೆಸ್, ಯೆಸ್” ಎನ್ನುತ್ತ ಎದ್ದೇಬಿಟ್ಟರು.

“ನೋ!”

ಸಾನ್ವಿಯ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಎಲ್ಲರೂ ತಿರುಗಿದರು.

“ಸಾರಿ... ಇವರು ಆ ಡಾಕ್ಟರ ಅಮ್ಮ ಅಲ್ಲ. ನಮ್ಮಜ್ಜಿ. ಅವರಿಗೆ ಇಂಗ್ಲಿಷ್ ಬರಲ್ಲ. ನಾವು ಸುಮ್ಮನೆ ಚಿತ್ರ ನೋಡೋಕೆ ಬಂದಿದ್ವಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಲೆ ಬಗ್ಗಿಸಿ ಮುಂದಿನ ಸಾಲಿಗೆ ಹೋದರು. ಯಾನಾಕ್ ಮೆಲ್ಲಗೆ ಕೈ ಬಿಡಿಸಿಕೊಂಡರು.

“ನಾನು ಯಾರು ಅಂತಾನೂ ಇವರಿಗೆ ಗೊತ್ತಿಲ್ವಾ?” ಎಂದು ಅವರು ಕೇಳಿದರು.

“ಇಲ್ಲ.”

“ಮತ್ಯಾಕೆ ಅಷ್ಟು ಹೊತ್ತು ನನ್ನ ಕೈ ಹಿಡ್ಕೊಂಡು ಕೂತಿದ್ರು?”

ಅದು ಸಾನ್ವಿಗೂ ಗೊತ್ತಿರಲಿಲ್ಲ. ನಡೆದದ್ದನ್ನೆಲ್ಲ ಗಡಿಬಿಡಿಯಲ್ಲಿ ಅಜ್ಜಿಗೆ ಹೇಳಿ, ಅದೇ ಪ್ರಶ್ನೆ ಕೇಳಿದಳು.

“ಅಳ್ಳಾಕತ್ತಿದ್ರಲ್ಲ, ನನ್ನವ್ವಾ,” ಅಜ್ಜಿ ಮತ್ತೆ ಕೂತರು. “ನಿಮ್ಮಜ್ಜ ತೀರಿಕೊಂಡಾಗ ಯಾರ್ಯಾರೋ ಬಂದು ನನ್ನ ಕೈ ಹಿಡದ್ರು. ಅವರೆಲ್ಲಾ ಯಾರಂತ ನನಗೇನ ಗೊತ್ತಿತ್ತು? ಆದ್ರ ಹಿಡಕೊಂಡು ಕುಂತಿದ್ರು.”

ಸಾನ್ವಿ ಇದನ್ನು ಇಂಗ್ಲಿಷ್‌ನಲ್ಲಿ ಹೇಳಲು ಹೊರಟಳು. ಅರ್ಧಕ್ಕೇ ನಿಲ್ಲಿಸಿ ಅಜ್ಜಿಯ ಕಡೆ ನೋಡಿದಳು. ಅಜ್ಜ ಹೋದಾಗ ಫೋನ್‌ನಲ್ಲಿ ಅಜ್ಜಿ ಒಂದು ಸಲವೂ ಅತ್ತಿರಲಿಲ್ಲ. ಅಜ್ಜಿಗೂ ಕೈ ಹಿಡಿಯುವವರು ಬೇಕಾಗಿತ್ತು ಎಂದು ಅವಳಿಗೆ ಆವತ್ತು ಹೊಳೆದೇ ಇರಲಿಲ್ಲ. ಹೇಗೋ ಹೇಳಿ ಮುಗಿಸಿದಳು.

ಯಾನಾಕ್ ಅಜ್ಜಿಯ ಕಡೆ ತಿರುಗಿ, “ಆಗ್ನೆಸ್ ಇದೇ ಚರ್ಚಿನಲ್ಲಿ ಹಾಡ್ತಿದ್ದಳು,” ಎಂದು ಶುರು ಮಾಡಿದರು. “ಹಾಡೋಕೆ ಅಷ್ಟೇನೂ ಬರ್ತಿರ್ಲಿಲ್ಲ. ಆದ್ರೆ ಎಲ್ಲರಿಗಿಂತ ಜೋರು!”

ಸಾನ್ವಿ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸತೊಡಗಿದಳು. ಕೆಲವು ಮಾತಿಗೆ ಕನ್ನಡ ಸಿಗದೆ ತಡವರಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಗಮನಕ್ಕೆ ಬಂತು: ಅವಳು ಬಾಯಿ ತೆರೆಯುವ ಮೊದಲೇ ಅಜ್ಜಿ ನಗುತ್ತಿದ್ದರು. ಮುದುಕರ ದನಿ ನಡುಗಿದ ಕಡೆ ಅಜ್ಜಿಯ ಕಣ್ಣೂ ತುಂಬುತ್ತಿತ್ತು.

ಸಾನ್ವಿ ಹೇಳುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಅಪ್ಪ ಏದುಸಿರು ಬಿಡುತ್ತ ಬಂದು, ಹೊರಡೋಣ ಎಂದು ಸನ್ನೆ ಮಾಡಿದರು. ಸಾನ್ವಿ ಬೆಂಚಿನ ಮೇಲೆ ಸ್ವಲ್ಪ ಸರಿದು ಅವರಿಗೂ ಜಾಗ ಮಾಡಿದಳು.