ಹಸಿ ಬಣ್ಣದ ಎರಡಕ್ಷರ

1961ರ ಫೆಬ್ರವರಿ, ಮಧ್ಯಾಹ್ನ ಮೂರೂವರೆ. ದಾಸನಕೊಪ್ಪದ ಬಳಿ ಹೊಸ ರಸ್ತೆಯ ಇಳಿಜಾರಿನಲ್ಲಿ ಭತ್ತದ ಚಕ್ಕಡಿ ಉರುಳಿತು. ಒಂದು ಎತ್ತು ಅಲ್ಲೇ ಸತ್ತಿತು. ಗಾಲಿ ಮುರಿಗೆವ್ವನ ಅಪ್ಪನ ಕಾಲಿನ ಮೇಲಿತ್ತು.

ರಸ್ತೆ ಕಂತ್ರಾಟುದಾರನ ಮೇಸ್ತ್ರಿ ಸಂಗಯ್ಯ ಓಡಿ ಬಂದು ಗಾಲಿಗೆ ಹೆಗಲು ಕೊಟ್ಟ.

"ಇಲ್ಲೊಂದು ಬೋರ್ಡ್ ಹಾಕಾಕ ಆಗ್ಲಿಲ್ಲೇನು?" ಮುರಿಗೆವ್ವ ಚೀರಿದಳು.

"ಐತ್ರಿ... ಸ್ಲೋಪ್ ಅಂತ. ಅಂದ್ರ ಇಳಿಜಾರು."

ತಿರುಗಿದಳು. ದೊಡ್ಡ ಇಂಗ್ಲಿಷ್ ಅಕ್ಷರಗಳಷ್ಟೇ ಕಣ್ಣಿಗೆ ಬಿದ್ದವು.

"ನಮ್ಮ ಎತ್ತು ಇಂಗ್ಲಿಷ್ ಸಾಲಿಗೆ ಹೋಗಿತ್ತೇನೋ, ಕೊಲೆಗಡಕ!"

ಬಾರಕೋಲು ಬೀಸಿದಳು. ಅವನ ಹಣೆ ಒಡೆಯಿತು.

ಅಷ್ಟರಲ್ಲಿ ಅವಳ ಅಣ್ಣ ಕಲ್ಲಯ್ಯ ಚಕ್ಕಡಿಯ ಗೂಟ ಕಿತ್ತು ತಂದ. ಗಾಲಿ ಹಿಡಿದಿದ್ದ ಸಂಗಯ್ಯನ ಬಲಗೈ ಮೇಲೆ ಬಲವಾಗಿ ಹೊಡೆದ. ಎಲುಬು ಮುರಿದ ಸದ್ದು!

ಸಂಗಯ್ಯ ಕೈ ಬಿಡಲಿಲ್ಲ.

"ನಾ ಬಿಟ್ರ ನಿಮ್ಮಪ್ಪನ ಕಾಲು ಹೋಗ್ತದ! ಮೊದ್ಲು ಎಳೀರಿ... ಆಮ್ಯಾಲ ಹೊಡೀರಿ!"

ಮತ್ತೊಂದು ಏಟು. ಮುರಿಗೆವ್ವ ಸಂಗಯ್ಯನ ಕೈ ನೋಡಿದಳು. ಅವನ ಬೆರಳುಗಳ ಕೆಂಪು ಎಲ್ಲವೂ ರಕ್ತವಲ್ಲ... ಬಣ್ಣ!

ಮತ್ತೆ ಬೋರ್ಡಿನತ್ತ ನೋಡಿದಳು. ಇಂಗ್ಲಿಷಿನ ಕೆಳಗೆ ಎರಡೇ ಹಸಿ ಅಕ್ಷರ: 'ಇಳಿ'. ಬುಡದಲ್ಲಿ ಕುಂಚ ಬಿದ್ದಿತ್ತು. ಕನ್ನಡ ಬೇಡವೆಂದಿದ್ದ ಕಂತ್ರಾಟುದಾರನಿಗೆ ಹೇಳದೆ ಸಂಗಯ್ಯನೇ ಬರೆಯುತ್ತಿದ್ದ.

'ಅಯ್ಯೋ... ನಾನು ಯಾರನ್ನ ಹೊಡೆದೆ?'

ಅವಳು ನಡುವೆ ನುಗ್ಗಿದಳು. ಮೂರನೇ ಏಟು ಅವಳ ಹೆಗಲಿಗೆ ಬಿತ್ತು.

"ಅಣ್ಣಾ, ಸಾಕು! ಅಪ್ಪನ್ನ ಎಳಿ!"

ಮರುವಾರ ಸಿರ್ಸಿಯ ಆಸ್ಪತ್ರೆಯಲ್ಲಿ ಅಪ್ಪನ ಕಾಲು ಉಳಿಯುತ್ತದೆಂದು ಡಾಕ್ಟರು ಹೇಳಿದ ಮೇಲೆ, ಅವಳು ಸಂಗಯ್ಯನ ಮಂಚದ ಬಳಿ ಬಂದು ನಿಂತಳು.

"ಉಳಿದ ಎರಡಕ್ಷರ ನಾ ಬರದೆ. ಮೂರನೇ ಇಯತ್ತೆ ಓದೇನಿ. 'ಜಾ' ಸೊಟ್ಟ ಆಗೇದ."

ಅವನು ನಕ್ಕ. ಹಣೆಯ ಹೊಲಿಗೆ ನೋಯಿತು.

"ಆ ಸ್ಲೋಪ್ ಅನ್ನೋ ಇಂಗ್ಲಿಷ್ ಮಾತು ಎಲ್ಲಿಂದ ಬಂತ್ರಿ?"

"ಜಾರು ಅನ್ನೋ ಅರ್ಥದ ಹಳೇ ಇಂಗ್ಲಿಷ್ ಮಾತಿನಿಂದ ಬಂದಿರಬೇಕಂತ ಡಿಕ್ಷನರಿಯಾಗ ಐತಿ. ಮೆಲ್ಲಕ ನುಣುಚಿಕೊಂಡು ಹೋಗೋದಕ್ಕೂ ಅದನ್ನೇ ಅಂತಾರ."

"ನೀವು ಹೋಗ್ಲಿಲ್ಲಲ್ಲ..." ಅವಳು ಅವನ ಕಟ್ಟು ಹಾಕಿದ ಕೈ ನೋಡಿದಳು. "ಮುಂದೂ ಹೋಗಬ್ಯಾಡ್ರಿ."

"ಹೋದ್ರ ಹೊಡೀತೀಯೇನು?"

"ಹೊಡೀತೀನಿ!"

"ಹಂಗಾದ್ರ ಇಲ್ಲೇ ಇರ್ತೀನಿ, ಮುರಿಗೆವ್ವಾ."

ವೈಶಾಖದಲ್ಲಿ ಮದುವೆಯಾಯಿತು. ಸಂಗಯ್ಯನಿಗೆ ಬಲಗೈಯ ಬೆರಳುಗಳನ್ನು ಮಡಚಲು ಆಗುತ್ತಿರಲಿಲ್ಲ. ತಾಳಿಯ ಗಂಟು ಹಾಕುವಾಗ ದಾರದ ಒಂದು ತುದಿಯನ್ನು ಕಲ್ಲಯ್ಯ ಹಿಡಿದುಕೊಂಡ.