ಹಣೆಪಟ್ಟಿಯ ಹಿತ್ತಾಳೆ ಗುಂಡಿ

"ಅಜ್ಜಾ, ಕ್ವಾಡ ಗಟ್ಟಿ ಹಿಡಿ. ಅಂವ ತಲಿ ಅಳ್ಳಾಡಸಾಕ ಹತ್ಯಾನ."

ಉಮಾಶ್ರೀ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಲೆನ್ಸ್ ಹಿಡಿದು, ಅಜ್ಜ ಕೋಡು ಹಿಡಿದಿದ್ದ ಎತ್ತಿನ ಹಣೆಯ ಹತ್ತಿರ ಬಗ್ಗಿದ್ದಳು. ಎತ್ತಿನ ಹೆಸರು ಹಂಡ್ಯಾ. ತನ್ನ ಹಣೆಯಲ್ಲಿ ಓದುವಂಥದ್ದು ಏನಿದೆ ಎಂದು ಪಾಪ ಅದಕ್ಕೆ ತಿಳಿಯಲಿಲ್ಲ. ಫೂ ಎಂದು ಉಸಿರು ಬಿಟ್ಟು ಲೆನ್ಸಿಗೆಲ್ಲ ಮಂಜು ಹಿಡಿಸಿತು.

ಹಂಡ್ಯಾನ ಹಣೆಗೆ ಕಟ್ಟಿದ್ದು ಕೆಂಪು ಬಟ್ಟೆಯ ಹಳೆಯ ಪಟ್ಟಿ. ಅದರ ಮೇಲೆ ಸಾಲಾಗಿ ಆರು ಹಿತ್ತಾಳೆ ಗುಂಡಿಗಳು. ಅವು ಕಿತ್ತೂರು ಸೈನ್ಯದ ಸಿಪಾಯಿಯೊಬ್ಬನ ಅಂಗಿಯ ಗುಂಡಿಗಳು ಎಂದು ಇಡೀ ಸಂಪಗಾಂವಕ್ಕೆ ಗೊತ್ತು. ಕಾರಹುಣ್ಣಿಮೆಯ ದಿನ ಎಷ್ಟೇ ದೊಡ್ಡವರ ಎತ್ತುಗಳು ಬಂದಿರಲಿ, ಎಲ್ಲಕ್ಕಿಂತ ಮುಂದೆ ನಡೆಯುವುದು ಉಮಾಶ್ರೀಯ ಅಜ್ಜ ಮಡಿವಾಳೆಪ್ಪನ ಎತ್ತೇ. ಈ ಭಾಗದಲ್ಲಿ ಹೊಲದಲ್ಲಿ ಒಂದು ಹಿತ್ತಾಳೆ ಚೂರು ಸಿಕ್ಕರೂ ಅದು ಕಿತ್ತೂರಿನದೇ ಆಗಿರಬೇಕು. ಬೇರೆ ಯಾರೂ ಹಿತ್ತಾಳೆ ಬಳಸಿಯೇ ಇಲ್ಲವೇನೋ!

ಉಮಾಶ್ರೀ ಐದನೇ ಕ್ಲಾಸು. ಅವಳ ಗೆಳತಿಯರು ಸ್ಟಿಕರ್ ಕೂಡಿಸಿದರೆ ಇವಳು ಮಿಲಿಟರಿ ಗುಂಡಿ ಕೂಡಿಸುತ್ತಾಳೆ. ಅವ್ವನ ಹಳೆಯ ಮಸಾಲೆ ಡಬ್ಬಿಯೇ ಅವಳ ಮ್ಯೂಸಿಯಂ. ಓಣಿಗೊಬ್ಬ ಫೌಜಿ ಇರುವ ಊರಿನಲ್ಲಿ ಗುಂಡಿ ಸಿಗುವುದೇನೂ ಕಷ್ಟವಲ್ಲ. ಕಷ್ಟವೆಲ್ಲ ಅವಳ ಹಟದ್ದು. ಗುಂಡಿ ಯಾವ ಪಲ್ಟನಿನದು, ಆ ಪಲ್ಟನಿಗೆ ಮೊದಲು ಏನು ಹೆಸರಿತ್ತು, ಅದಕ್ಕೂ ಮೊದಲು ಏನಿತ್ತು ಎಂದು ತಿಳಿಯುವ ತನಕ ಅದನ್ನು ಡಬ್ಬಿಗೆ ಹಾಕುತ್ತಿರಲಿಲ್ಲ. ಒಂದು ಗುಂಡಿಯಂತೂ ದೀಪಾವಳಿಯಿಂದ ಯುಗಾದಿಯವರೆಗೆ ಕಿಟಕಿಯ ಮೇಲೆಯೇ ಕೂತಿತ್ತು.

ಈಗ ಬಂದಿರುವ ತೊಂದರೆಗೆ ಅವಳ ಕ್ಲಾಸಿನ ಅಪ್ಪು ಕಾರಣ. ಶನಿವಾರ ಶಾಲೆಯಲ್ಲಿ ಕಿತ್ತೂರಿನ ಇತಿಹಾಸದ ಎಕ್ಸಿಬಿಷನ್. ಹಂಡ್ಯಾನನ್ನೇ ಹಣೆಪಟ್ಟಿ ಕಟ್ಟಿ ಕರೆತರುತ್ತೇನೆಂದು ಅಜ್ಜ ಹೇಳಿದಾಗ ದೊಡ್ಡ ಟೀಚರ್ ನಕ್ಕು ಒಪ್ಪಿದ್ದರು. ಆದರೆ ಅಪ್ಪು ಎಲ್ಲರ ಮುಂದೆ ಎದ್ದು ನಿಂತು, ಅವು ಕಿತ್ತೂರಿನ ಗುಂಡಿ ಅನ್ನುವುದಕ್ಕೆ ಪ್ರೂಫ್ ಏನು ಎಂದು ಕೇಳಿಬಿಟ್ಟ. ಉಮಾಶ್ರೀಗೆ ಮೈಯೆಲ್ಲ ಉರಿಯಿತು. ಶನಿವಾರದೊಳಗೆ ಪಲ್ಟನಿನ ಹೆಸರು ಸಮೇತ ತರುತ್ತೇನೆಂದು ಮಾತು ಕೊಟ್ಟಳು.

ಅದಕ್ಕೇ ಈ ಲೆನ್ಸು.

ಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಂತೆ ನಡುವಿನ ಗುಂಡಿಯ ಮೇಲಿನ ಕಪ್ಪು ಜಿಡ್ಡು ಬಿಟ್ಟುಕೊಂಡಿತು. ಅಂಚಿನಲ್ಲಿ ಅಕ್ಷರಗಳು ಕಂಡವು. ಎಸ್. ಎಂ. ಆರ್. ವಿ. ಆರ್. ಎಲ್ಲ ಇಂಗ್ಲಿಷ್ ಅಕ್ಷರಗಳು.

ಕಿತ್ತೂರಿನ ಸಿಪಾಯಿಯ ಅಂಗಿಯ ಮೇಲೆ ಇಂಗ್ಲಿಷ್ ಯಾಕೆ? ಉಮಾಶ್ರೀ ಲೆನ್ಸ್ ಕೆಳಗಿಳಿಸಿದಳು. ಆ ಸಿಪಾಯಿಯ ಹೆಸರೇನು ಎಂದು ಅಜ್ಜನನ್ನು ಕೇಳಿದಳು.

"ಸಿಪಾಯಿ ಅಂದ್ರ ಸಿಪಾಯಿ," ಎಂದ ಅಜ್ಜ. "ನಮ್ಮ ಹಿರ್ಯಾರ ಪೈಕಿ. ನಮ್ಮಜ್ಜ ಉಳವಪ್ಪ ಹೇಳಿದ್ದ ನನಗ."

ಲೆನ್ಸು ಪರಶು ಮಾಮಾನದು. ಸೈನ್ಯದಲ್ಲಿ ಹವಾಲ್ದಾರನಾಗಿ ರಿಟೈರಾದ ಪರಶು ಮಾಮಾ ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಉಮಾಶ್ರೀ ಅಂಗೈ ಮೇಲೆ ಬರೆದುಕೊಂಡು ಬಂದ ಅಕ್ಷರ ನೋಡಿ ಅವನು ತಲೆ ಕೆರೆದುಕೊಂಡ. ಆಮೇಲೆ ಗುಂಡಿಯ ಫೋಟೋ ತೆಗೆಸಿ, ಬೆಳಗಾವಿಯಲ್ಲಿ ಹಳೆಯ ಬ್ಯಾಡ್ಜು ಕೂಡಿಸುವ ತನ್ನ ಗೆಳೆಯನಿಗೆ ಕಳಿಸಿದ. ಸಂಜೆಗೆ ಉತ್ತರ ಬಂತು. ಜೊತೆಗೆ ಥೇಟ್ ಅಂಥದ್ದೇ ಗುಂಡಿಯ ಚಿತ್ರವೂ ಬಂತು.

ಸದರ್ನ್ ಮರಾಠಾ ರೈಲ್ವೆ ವಾಲಂಟಿಯರ್ ರೈಫಲ್ಸ್.

ಪರಶು ಮಾಮಾ ಗಿರಣಿ ನಿಲ್ಲಿಸಿ ವಿವರಿಸಿದ. ಬ್ರಿಟಿಷರ ಕಾಲದಲ್ಲಿ ರೈಲ್ವೆಯ ಸಾಹೇಬರು, ಗಾರ್ಡುಗಳು, ಡ್ರೈವರುಗಳು ತಾವಾಗಿಯೇ ಸೇರಿಕೊಂಡು ಕಟ್ಟಿದ ಪಡೆ ಅದು. ಕೆಲಸದ ದಿನ ರೈಲು, ರಜೆಯ ದಿನ ಕವಾಯತು. ಆ ರೈಲ್ವೆ ಮುಂದೆ ಮದ್ರಾಸಿನ ರೈಲ್ವೆಯ ಜೊತೆ ಕೂಡಿದಾಗ ಪಡೆಯ ಹೆಸರೂ ಬದಲಾಯಿತು. ಮಹಾಯುದ್ಧ ಬಂದಾಗ ಇನ್ನೊಮ್ಮೆ, ಅದು ಮುಗಿದ ಮೇಲೆ ಮತ್ತೊಮ್ಮೆ ಬದಲಾಯಿತು. ದೇಶ ಸ್ವತಂತ್ರವಾದಾಗ ಪಡೆಯೇ ಮುಗಿದುಹೋಯಿತು.

ಬೇರೆ ದಿನವಾಗಿದ್ದರೆ ಉಮಾಶ್ರೀ ಕುಣಿದುಬಿಡುತ್ತಿದ್ದಳು. ಹುಟ್ಟಿನಿಂದ ಕೊನೆಯವರೆಗೆ ಇಷ್ಟು ಪೂರ್ತಿ ವಂಶಾವಳಿ ಅವಳಿಗೆ ಯಾವ ಗುಂಡಿಯದೂ ಸಿಕ್ಕಿರಲಿಲ್ಲ. ಇವತ್ತು ಮಾತ್ರ ಬೆರಳು ಮಡಚಿ ವರ್ಷ ಎಣಿಸಿದಳು. ಕಿತ್ತೂರಿನ ಯುದ್ಧವಾಗಿ ಸುಮಾರು ಅರವತ್ತು ವರ್ಷಗಳ ಮೇಲೆ ಈ ಕಡೆ ರೈಲು ಬಂದದ್ದು. ಅದೂ ಹೋಗಲಿ, ಇವು ಕಿತ್ತೂರಿನವರ ಗುಂಡಿಗಳೇ ಅಲ್ಲ. ಕಿತ್ತೂರಿನ ಮೇಲೆ ಯುದ್ಧಕ್ಕೆ ಬಂದವರ ಕಡೆಯವು!

ಅವಳ ಮುಖ ನೋಡಿ ಪರಶು ಮಾಮಾನಿಗೂ ಬೇಜಾರಾಯಿತು. "ಸುಮ್ನಿದ್ದಬಿಡ," ಎಂದ. "ಲೆನ್ಸ್ ಹಚ್ಚಿ ಯಾರ್ ನೋಡ್ತಾರ?"

"ನಾ ನೋಡೇನಲ್ಲ ಮಾಮಾ," ಎಂದಳು ಉಮಾಶ್ರೀ.

ಮನೆಗೆ ಬಂದಾಗ ಅಜ್ಜ ಹಂಡ್ಯಾನ ಕೋಡಿಗೆ ಎಣ್ಣೆ ಸವರುತ್ತಿದ್ದ. ಎಕ್ಸಿಬಿಷನ್ನಿಗೆಂದೇ ಯರಗಟ್ಟಿಯಿಂದ ಹೊಸ ಗೊಂಡೆ ತರಿಸಿದ್ದ. ಕಟ್ಟೆಯ ಮೇಲೆ ಕೂರುವ ಗೆಳೆಯರನ್ನೆಲ್ಲ ಶನಿವಾರ ಶಾಲೆಗೆ ಬರಲು ಹೇಳಿಯೂ ಆಗಿತ್ತು. ಹೇಳುವುದನ್ನು ನಾಳೆಗೆ ಇಟ್ಟರೆ ನಾಳೆ ಇನ್ನೂ ಕಷ್ಟ ಎಂದು ಉಮಾಶ್ರೀಗೆ ಅನ್ನಿಸಿತು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಅಜ್ಜ ಸಿಟ್ಟು ಮಾಡಲಿಲ್ಲ. ಕೋಡಿನ ಮೇಲೆ ಕೈ ಹಾಗೇ ನಿಂತಿತ್ತು.

"ಹಂಗಾರ ನಮ್ಮಜ್ಜ ನನಗ ಸುಳ್ಳ ಹೇಳಿದ್ನೇನ?" ಎಂದು ಕೇಳಿದ.

ಉಮಾಶ್ರೀ ಗುಂಡಿಯ ಬಗ್ಗೆ ಯೋಚಿಸಿದ್ದಳು, ಅಪ್ಪುವಿನ ಬಗ್ಗೆ ಯೋಚಿಸಿದ್ದಳು. ಇದನ್ನು ಯೋಚಿಸಿರಲಿಲ್ಲ. ಅಜ್ಜ ಹಣೆಪಟ್ಟಿ ಬಿಚ್ಚಿ ಗೋಡೆಯ ಮಾಡದಲ್ಲಿ ಇಟ್ಟ. ಶಾಲೆಗೆ ತಾನೂ ಬರುವುದಿಲ್ಲ, ಹಂಡ್ಯಾನೂ ಬರುವುದಿಲ್ಲ ಎಂದ. ರಾತ್ರಿ ಒಂದೇ ರೊಟ್ಟಿ ತಿಂದು ಎದ್ದ.

ಶನಿವಾರ ಉಮಾಶ್ರೀ ಬರಿಯ ಚಾರ್ಟ್ ತೆಗೆದುಕೊಂಡು ಹೋದಳು. ಅದರ ಮೇಲೆ ಗುಂಡಿಯ ದೊಡ್ಡ ಚಿತ್ರ, ಕೆಳಗೆ ಪಡೆಯ ಹೆಸರುಗಳು ಒಂದರ ಕೆಳಗೊಂದು ಬಾಣದ ಗುರುತಿನೊಂದಿಗೆ ಇದ್ದವು. ಯಾರಾದರೂ ಕೇಳುವ ಮೊದಲೇ, ಇದು ಕಿತ್ತೂರಿನ ಗುಂಡಿಯಲ್ಲ, ನಾವು ತಪ್ಪು ತಿಳಿದಿದ್ದೆವು ಎಂದು ತಾನೇ ಹೇಳಿದಳು. ಹೇಳುವಾಗ ಕಿವಿ ಬಿಸಿಯಾಯಿತು, ಆದರೂ ನಡುವೆ ನಿಲ್ಲಿಸಲಿಲ್ಲ.

ನಗಬೇಕೆಂದೇ ಬಂದಿದ್ದ ಅಪ್ಪುವಿಗೆ ನಗುವುದಕ್ಕೆ ಏನೂ ಉಳಿಯಲಿಲ್ಲ. ಅವನು ಚಾರ್ಟನ್ನು ಎರಡು ಸಲ ಓದಿದ. "ಮತ್ತ ಅವು ನಿಮ್ಮ ಮನಿಗೆ ಹೆಂಗ ಬಂದೂ?" ಎಂದು ಕೇಳಿದ. ಈ ಸಲ ಕೀಟಲೆಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

ಉಮಾಶ್ರೀ ಚಾರ್ಟಿನ ಕಡೆ ತಿರುಗಿ ನೋಡಿದಳು. ಆ ಪಡೆಯ ಅಜ್ಜ ಯಾರು, ಮುತ್ತಜ್ಜ ಯಾರು ಎಂದು ಅವಳಿಗೆ ಬಾಯಿಪಾಠವಾಗಿತ್ತು. ಉಳವಪ್ಪಜ್ಜನ ಬಗ್ಗೆ ಮಾತ್ರ ಹೆಸರು ಬಿಟ್ಟರೆ ಏನೂ ಗೊತ್ತಿರಲಿಲ್ಲ. ಅವನು ಏನು ಕೆಲಸ ಮಾಡುತ್ತಿದ್ದ? ಹೇಗಿದ್ದ? ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳಿ ತಿಳಿಯಲೇಬೇಕು ಎಂದು ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿದಳು.

ಅಜ್ಜ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುತ್ತಿದ್ದ. ಎಕ್ಸಿಬಿಷನ್ ಹೇಗಾಯಿತು ಎಂದು ಕೇಳಲಿಲ್ಲ. ಉಮಾಶ್ರೀ ಪಕ್ಕದಲ್ಲಿ ಕೂತು, ಜೋಳದ ಕಣಿಕೆ ಒಂದೊಂದಾಗಿ ಅವನ ಕೈಗೆ ಕೊಡತೊಡಗಿದಳು. ಒಂದು ಕಟ್ಟು ಮುಗಿದ ಮೇಲೆ ಕೇಳಿದಳು.

"ಅಜ್ಜಾ, ನಿಮ್ಮಜ್ಜ ಏನ ಕೆಲಸ ಮಾಡ್ತಿದ್ದ?"

ಕುಡುಗೋಲು ನಿಂತಿತು. ಮತ್ತೆ ಗುಂಡಿಯ ಮಾತೇ ಎಂದುಕೊಂಡನೋ ಏನೋ, ಅಜ್ಜ ಕತ್ತರಿಸಿದ ಮೇವನ್ನು ಕೈಯಿಂದ ಒಟ್ಟುಗೂಡಿಸಿದ.

"ಗಾಡಿ ಹೊಡಿತಿದ್ದ," ಎಂದ ಕೊನೆಗೆ. "ಹತ್ತಿ ಹೇರಿಕೊಂಡ ಧಾರವಾಡ ಟೇಶನ್ನಿಗೆ ಹೋಗ್ತಿದ್ದ."

ಟೇಶನ್! ರೈಲ್ವೆಯ ಗುಂಡಿಗೂ ಅಜ್ಜನ ಮನೆಗೂ ನಡುವೆ ಸಿಗದೆ ಇದ್ದ ಕೊಂಡಿ ಸಿಕ್ಕೇಬಿಟ್ಟಿತು. ಉಮಾಶ್ರೀಯ ಕೈ ತಾನಾಗಿಯೇ ಪೆನ್ಸಿಲ್ಲಿಗಾಗಿ ಕಿಸೆಗೆ ಹೋಯಿತು. ಆದರೆ ಅಜ್ಜ ಇನ್ನೂ ಮುಗಿಸಿರಲಿಲ್ಲ. ಅವನು ಅವಳನ್ನು ನೋಡುತ್ತಿರಲೂ ಇಲ್ಲ. ಅವಳು ಕೈಯನ್ನು ಹೊರಗೆ ತೆಗೆದುಕೊಂಡಳು.

ಉಳವಪ್ಪಜ್ಜನ ಹತ್ತಿರ ಒಂದು ಹಳೆಯ ಖಾಕಿ ಕೋಟು ಇತ್ತಂತೆ. ಯಾರ ಮೈಮೇಲಿನದೋ, ತೋಳು ಉದ್ದ. ಎರಡು ಮಡಿಕೆ ಮಡಚಿ ಹಾಕಿಕೊಳ್ಳುತ್ತಿದ್ದನಂತೆ. ಅದು ಹರಿದು ಚಿಂದಿಯಾದ ಮೇಲೆ ಗುಂಡಿಗಳನ್ನು ಬಿಚ್ಚಿ ಹಣೆಪಟ್ಟಿಗೆ ಹೊಲಿದದ್ದೂ ಅವನೇ. ಸಣ್ಣ ಮಡಿವಾಳೆಪ್ಪ ಹಟ ಹಿಡಿದು ಗಾಡಿ ಹತ್ತಿದರೆ, ಹೋಗಿ ಬರುವ ತನಕ ಆ ಕೋಟಿಗೆ ಒರಗಿಯೇ ಕೂರುತ್ತಿದ್ದ.

"ಒಮ್ಮಿ ಮಲಪ್ರಭಾ ಹೊಳ್ಯಾಗ ಗಾಡಿ ಇಳಿಸಿದ್ದ. ನಡು ಹೊಳ್ಯಾಗ ನೀರ ಏರಿ ಅಚ್ಚಿನ ಮಟ ಬಂತು. ನಾ ನಿನಕಿಂತಾ ಸಣ್ಣಾಂವ, ಚೀರಿ ಅಳಾಕ ಹತ್ತಿದೆ. ಅಜ್ಜನ ಎರಡೂ ಕೈಯಾಗ ಹಗ್ಗ. ಹಗ್ಗ ಬಿಟ್ರ ಎತ್ತ ಹೋದೂ, ಗಾಡಿ ಹೋತು. ನನ್ನ ಹಿಡಕೊಳ್ಳಾಕ ಅವನ ಹತ್ರ ಕೈ ಇರಲಿಲ್ಲ."

ಅಜ್ಜ ಕುಡುಗೋಲು ಕೆಳಗಿಟ್ಟ.

"'ಮಡಿವಾಳಾ, ನನ್ನ ಕೋಟಿನ ಗುಂಡಿ ಹಿಡಕೋ,' ಅಂದ. 'ಇದು ಕಿತ್ತೂರ ಸಿಪಾಯಿ ಗುಂಡಿ. ಇದನ್ನ ಹಿಡಕೊಂಡಾಂವ ಹೆದರಂಗಿಲ್ಲ,' ಅಂದ."

ಹೇಳಿದ ಮೇಲೆ ಅಜ್ಜ ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ಕೂತ. ಅವನ ಕಣ್ಣಲ್ಲಿ ನೀರು ಬಂದಿತ್ತು, ಮುಖದಲ್ಲಿ ಮಾತ್ರ ಎರಡು ದಿನದಿಂದ ಇದ್ದ ನೋವು ಇರಲಿಲ್ಲ. ಉಮಾಶ್ರೀಗೂ ಅಳು ಬಂತು. ರೈಲ್ವೆಯ ಸುದ್ದಿ ಅವಳು ತೆಗೆಯಲಿಲ್ಲ. ಆ ನೀರಿನ ನಡುವಿನ ಗಾಡಿಯಲ್ಲಿ ತಾನೂ ಇದ್ದಂತೆ ಅಜ್ಜನ ಹತ್ತಿರ ಸರಿದು ಕೂತಳು.

"ಹೊಳಿ ದಾಟಿದ್ರೇನಜ್ಜಾ?"

"ದಾಟಿದ್ವಿ," ಎಂದ ಅಜ್ಜ. "ಆಚಿ ದಂಡಿ ಮುಟ್ಟಿದ ಮ್ಯಾಲೂ ನಾ ಗುಂಡಿ ಬಿಟ್ಟಿರಲಿಲ್ಲ."